ನೂರಾ ಹನ್ನೊಂದನೆಯ ಸಾಲು

ನಾನು ಹೊಲ ಅಳೆಯುವ ಮೋಜಣಿ ಕೆಲಸದಲ್ಲಿದ್ದ ಎಪ್ಪತ್ತರ ದಶಕದ ಮಾತಿದು. ಕಾರ್ಖಾನೆಗಳಿಗೆ ಜಾಗ ಬೇಕೆಂದು ಸರ್ಕಾರ ಭೂತನಾಳದ ಕಡೆಯ ಹೊಲಗಳನ್ನು ವಶಕ್ಕೆ ತೆಗೆದುಕೊಳ್ಳುತ್ತಿತ್ತು. ನನ್ನ ಸರಪಳಿ ಹೇಳಿದ್ದೇ ಅಳತೆ, ಆ ಅಳತೆಯ ಮೇಲೇ ಪರಿಹಾರ. ಒಂಬತ್ತು ಹೊಲ ಯಾರೂ ತುಟಿ ಬಿಚ್ಚದೆ ಮುಗಿದಿದ್ದವು.

ಹತ್ತನೆಯದು ಕಾಸೀಮಸಾಬರದು. ಜೋಳ ಕೊಯ್ದು ಕೂಳೆ ಮಾತ್ರ ಸಾಲುಸಾಲಾಗಿ ಉಳಿದಿತ್ತು. ಆ ಹಿರಿಯರು ಸರಪಳಿಯ ಪಕ್ಕದಲ್ಲೇ ಏನೋ ಗುಣುಗುಣಿಸುತ್ತ ನಡೆದರು. ದುವಾ ಓದುತ್ತಿದ್ದಾರೆ ಅಂದುಕೊಂಡೆ. ಐದು ಸರಪಳಿ ಆದಮೇಲೆ ನಿಂತರು.

“ಸಾಹೇಬ್ರ, ನಿಮ್ಮ ಸರಪಳಿ ಬೆಳದೈತ್ರಿ.”

“ಸರಪಳಿ ಏನ್ ಜ್ವಾಳದ ದಂಟೇನ್ರಿ, ಬೆಳಿಯಾಕ?”

“ನಮ್ಮ ಅಣ್ತಮ್ಮರು ಹೊಲ ಪಾಲು ಮಾಡ್ಕೊಂಡು ವಾಟ್ನಿ ಆದಾಗ ಮೋಜಣಿಯವ್ರು ಬಂದಿದ್ರು. ಐದು ಸರಪಳಿಗೆ ನೂರಾ ಹತ್ತು ಸಾಲು ಬಂದಿದ್ವು. ಇವತ್ತ ನೂರಾ ಹನ್ನೊಂದು ಬಂದಾವ. ಬಿತ್ತೂ ಕೂರಿಗಿ ಅದ ಐತ್ರಿ, ಸಾಲಿನ ಅಂತರ ಬದಲಾಗಂಗಿಲ್ಲ. ಸರಪಳಿ ಉದ್ದಾದ್ರ ಲೆಕ್ಕದಾಗ ನನ್ನ ಹೊಲ ಸಣ್ಣದಾಗತೈತಿ.”

ಸರಪಳಿ ಸರಿಯಿದೆಯೆಂದು ತೋರಿಸಿಯೇ ಬಿಡೋಣವೆಂದು ಚೀಲದಿಂದ ಹೊಸ ಉಕ್ಕಿನ ಟೇಪು ತೆಗೆದು ಸರಪಳಿಯ ಪಕ್ಕಕ್ಕೆ ಹಾಸಿದೆ. ಎಳೆದೆಳೆದು ಕೊಂಡಿಗಳು ಬಾಯಿ ಬಿಟ್ಟಿದ್ದವು. ಸರಪಳಿ ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದವಾಗಿತ್ತು.

ಸೋತ ಸಿಟ್ಟಿನಲ್ಲಿ ಕೇಳಿದೆ: “ಹೆಂಗಿದ್ರೂ ಹೊಲ ಉಳಿಯೂದಿಲ್ಲಲ್ರಿ, ಇಷ್ಟ್ಯಾಕ ಎಣಿಸಿದ್ರಿ?”

“ಹೋಗೂದು ಹೋಗಲ್ರಿ. ಪೂರಾ ಹೋಗಲಿ.”

ಹಿಂದಿನ ಒಂಬತ್ತು ಹೊಲಗಳನ್ನೂ ಟೇಪು ಹಿಡಿದು ಮತ್ತೆ ಅಳೆಯಬೇಕಾಯಿತು. ಪ್ರತಿ ಹೊಲದಲ್ಲೂ ಕಾಸೀಮಸಾಬರು ಪಕ್ಕದಲ್ಲೇ ಸಾಲು ಎಣಿಸುತ್ತ ಬಂದರು. “ಟೇಪ್ ಹೊಸಾದೈತ್ರಿ, ನೀವ್ಯಾಕ ತ್ರಾಸ ತಗೋತೀರಿ?” ಅಂದೆ.

ಎಣಿಕೆ ತಪ್ಪದ ಹಾಗೆ ಒಂದು ಬೆರಳು ಮಡಚಿ ಹಿಡಿದುಕೊಂಡೇ ಅವರು ಅಂದರು: “ಸರಪಳಿನೂ ಒಂದಿನ ಹೊಸಾದ ಇತ್ತಲ್ರಿ.”