ಹ್ಯಾಮರ್‌ಟೋನ್ ಬಾಗಿಲು

ಭಾವನ ತಲೆಗೂದಲು ಕಪ್ಪು, ಹುಬ್ಬು ಮಾತ್ರ ಬೂದು. ಮೂವತ್ತು ತುಂಬುವ ಮೊದಲೇ ಯಾರೋ ಅಜ್ಜನ ಹುಬ್ಬುಗಳನ್ನು ತಂದು ಅಂಟಿಸಿಕೊಂಡವರಂತೆ ಕಾಣುತ್ತಿದ್ದರು. ಮುಂಬಯಿ ಪಕ್ಕದ ಠಾಣೆಯ ಕಾರ್ಖಾನೆಯಲ್ಲಿ ತಲೆಗೆ ಬಟ್ಟೆ ಸುತ್ತಿ ಸ್ಟೀಲ್ ಕಪಾಟುಗಳಿಗೆ ಸ್ಪ್ರೇ ಮಾಡುವಾಗ ಹಾರಿ ಬಂದು ಕೂತ ಬಣ್ಣ ಅದು; ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಬಣ್ಣ ನನ್ನ ಹುಬ್ಬಿನ ಮೇಲೂ ಕೂರುತ್ತಿತ್ತು. ಅವರಿಗೆ ಅದು ಗಾಂಭೀರ್ಯ ತಂದಿತ್ತು. ನನ್ನನ್ನು ಕಂಡವರು ಮಾತ್ರ, ಹಿಟ್ಟಿನ ಗಿರಣಿಯಲ್ಲಿ ಕೆಲಸವೇ ಎಂದು ಕೇಳುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡೊಂಬಿವಲಿಯ ಸಾಲುಕೋಣೆಗಳ ಚಾಳಿನಲ್ಲಿ ಅವರ ಖೋಲಿ, ನಮ್ಮ ಖೋಲಿ ಎದುರುಬದಿರು. ಕುಂದಾಪುರದ ಕಡೆಯಿಂದ ಬಂದ ನನ್ನನ್ನು ಕೈಹಿಡಿದು ಬಣ್ಣದ ಕೆಲಸಕ್ಕೆ ಸೇರಿಸಿದವರೂ ಅವರೇ. ಇಷ್ಟು ಸಾಕಲ್ಲ, ಒಬ್ಬ ಮನುಷ್ಯನ ಮೇಲೆ ಜನ್ಮವಿಡೀ ಹೊಟ್ಟೆಕಿಚ್ಚು ಪಡಲು. ಅಮ್ಮ ಮೀನು ಸಾರು ಮಾಡಿದರೆ ತಲೆಯ ತುಂಡು ಅಳಿಯನಿಗೆ. ಅಳಿಯ ಮುಟ್ಟಿದ್ದೆಲ್ಲ ಹೊಳೆಯುತ್ತದೆ ಎಂದು ಅವಳು ಚಾಳಿಗೆಲ್ಲ ಹೇಳುತ್ತಿದ್ದಳು. ಮಗ ಮುಟ್ಟಿದ್ದು ಏನಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ಕೂಡ ಮೂವರು ಕೂರುವ ಬೆಂಚಿನಲ್ಲಿ ಅಪರಿಚಿತರು ಸರಿದು ಅವರಿಗೆ ನಾಲ್ಕನೇ ಸೀಟು ಕೊಡುತ್ತಿದ್ದರು. ನನಗೆ ಸಿಗುತ್ತಿದ್ದದ್ದು ಅವರ ಊಟದ ಡಬ್ಬಿ ಹಿಡಿದು ನಿಲ್ಲುವ ಭಾಗ್ಯ.

ಆಗ ಹ್ಯಾಮರ್‌ಟೋನ್ ಕಪಾಟುಗಳ ಕಾಲ. ಸಣ್ಣ ಸುತ್ತಿಗೆಯಿಂದ ಮೈತುಂಬ ತಟ್ಟಿದಂತೆ ಕಾಣುವ ಬೂದುಬಣ್ಣ. ಅಂಥದ್ದೊಂದು ಕಪಾಟು ಇಲ್ಲದೆ ಠಾಣೆಯಲ್ಲಾಗಲಿ ಕಲ್ಯಾಣದಲ್ಲಾಗಲಿ ಮದುವೆ ನಡೆಯುತ್ತಿರಲಿಲ್ಲ. ಆ ಬಣ್ಣದ ಗುಟ್ಟೆಲ್ಲ ಗಾಳಿಯಲ್ಲಿ. ಕೆಲಸ ಬೇಗ ಮುಗಿಯಲೆಂದು ನಾವು ಪ್ರೆಶರ್ ಏರಿಸುತ್ತಿದ್ದೆವು, ಬಣ್ಣ ಮಂಜಿನಂತೆ ಹಾರಿ ಕಪಾಟಿನ ಬಾಗಿಲು ತಟ್ಟಿದ ಗುರುತಿಲ್ಲದೆ ಸಪಾಟಾಗುತ್ತಿತ್ತು. ಭಾವ ಇಳಿಸುತ್ತಿದ್ದರು. ಹಳೆಯ ಪೇಪರಿನ ಮೇಲೆ ಒಮ್ಮೆ ಸ್ಪ್ರೇ ಗನ್ ಒತ್ತಿ, ಬಿದ್ದ ಹನಿಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ಗಾಳಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒತ್ತುವರು. ಕಾರ್ಖಾನೆಯ ಮಾಲೀಕ ಸೇಟ್ ಅವಸರ ಮಾಡಿದರೆ, ಗಾಳಿಗೆ ಸಿಟ್ಟು ಬಂದರೆ ಬಣ್ಣ ಕೂರುವುದಿಲ್ಲ ಸೇಟ್ ಎಂದು ನಗುವರು. ಆ ಮಾತಿಗೆ ಸೇಟ್ ಕೂಡ ನಗುತ್ತಿದ್ದ. ನಾನು ಅದನ್ನೇ ಒಮ್ಮೆ ಹೇಳಿ ಬೈಸಿಕೊಂಡೆ.

ಸೇಟ್ ಮಹಾಪೆಯಲ್ಲಿ ಹೊಸ ಶೆಡ್ ಹಾಕಿದಾಗ, ಅಲ್ಲಿಗೆ ಒಬ್ಬ ಪೇಂಟರ್‌ನನ್ನು ಪರ್ಮನೆಂಟ್ ಮಾಡುವುದಾಗಿ ಹೇಳಿದ. ಭಾವ ಒಂದು ಬಾಗಿಲು, ನಾನು ಒಂದು ಬಾಗಿಲು ಹೊಡೆಯಬೇಕು. ಯಾರದು ಚೆನ್ನಾಗಿದೆಯೋ ಅವರಿಗೆ ಕೆಲಸ. ಇತ್ತ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನಮ್ಮ ಕಡೆಯವರೊಬ್ಬರು ನನಗೆ ಮಗಳನ್ನು ಕೊಡಲು ಯೋಚಿಸುತ್ತಿದ್ದರು. ಹುಡುಗ ಪರ್ಮನೆಂಟೋ ಎಂಬುದೊಂದೇ ಅವರ ಪ್ರಶ್ನೆ. ಹುಡುಗಿಯನ್ನು ನೋಡಿ ಬಂದ ದಿನದಿಂದ ನನಗೆ ನಿದ್ದೆಯಿಲ್ಲ. ಬಾಗಿಲು ಕೆಟ್ಟರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಅವಳಿಲ್ಲ.

ಭಾವ ತಮ್ಮ ಬಾಗಿಲು ಹೊಡೆಯುವಾಗ ನಾನು ಚಹಾದ ಲೋಟ ಹಿಡಿದು ಕಂಪ್ರೆಸರಿನ ಪಕ್ಕದಲ್ಲೇ ಸುಳಿದಾಡಿದೆ. ಪ್ರೆಶರ್ ಮೀಟರಿನ ಮುಳ್ಳು ಎಲ್ಲಿದೆ ಎಂದು ನೋಡಿಕೊಂಡೆ. ನನ್ನ ಸರದಿ ಬಂದಾಗ ಮುಳ್ಳನ್ನು ಅಲ್ಲಿಗೇ ತಂದು, ಪೇಪರು ಗೀಪರು ಎನ್ನದೆ ನೇರ ಬಾಗಿಲಿಗೇ ಹೊಡೆದೆ. ಆದರೆ ಅವರ ಪೈಪು ಗಿಡ್ಡ. ನನ್ನದು ಎರಡು ಕಡೆ ಜೋಡಿಸಿ ಶೆಡ್ಡಿನ ಆಚೆ ಮೂಲೆಯವರೆಗೆ ಎಳೆದದ್ದು. ಮೀಟರಿನಿಂದ ಹೊರಟ ಗಾಳಿ ನನ್ನ ಕೈಗೆ ಬರುವಷ್ಟರಲ್ಲಿ, ಕಲ್ಯಾಣದಿಂದ ವೀಟಿ ಸ್ಟೇಷನ್ನಿನವರೆಗೆ ಲೋಕಲ್‌ನಲ್ಲಿ ನಿಂತೇ ಬಂದವರ ಹಾಗೆ ಸುಸ್ತಾಗಿತ್ತು. ಬಣ್ಣ ಉಂಡೆಯುಂಡೆಯಾಗಿ ಬಿದ್ದು, ಶೀತವಾದ ಮಗುವಿನ ಮೂಗಿನಂತೆ ಸೋರಿತು. ಸೇಟ್ ಭಾವನ ಬೆನ್ನು ತಟ್ಟಿ ಹೋದ.

ಎಲ್ಲರೂ ಹೋದ ಮೇಲೆ ಭಾವ ಬಟ್ಟೆಗೆ ಥಿನ್ನರ್ ಸುರಿದುಕೊಂಡು ನನ್ನ ಬಾಗಿಲನ್ನು ತಾವೇ ಒರೆಸತೊಡಗಿದರು.

"ಮುಳ್ಳು ಎಂತಕ್ಕೆ ನೋಡಿದ್ದು ಮಾರಾಯ?" ಎಂದರು. "ಬಾಗಿಲು ನೋಡ್ಬೇಕು."

ನಾಳೆ ಬಂದವರು ನೋಡಿ ನಗದಿರಲೆಂದು ಒರೆಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಅದಕ್ಕೂ ಉರಿಯಿತು.

ನಮ್ಮದು ಅಪ್ಪ ಇಲ್ಲದ ಮನೆ. ಮರುದಿನ ಭಾನುವಾರ ಕಲ್ಯಾಣಕ್ಕೆ ಮಾತುಕತೆಗೆ ಭಾವ ಒಬ್ಬರೇ ಹೋದರು. ಸಂಜೆ ಬಂದು, ಒಪ್ಪಿದರು ಎಂದರು. ಏನು ಹೇಳಿದಿರಿ ಎಂದರೆ, ಎಂತ ಹೇಳುವುದು, ಇದ್ದದ್ದು ಹೇಳಿದೆ ಎಂದು ಊಟಕ್ಕೆ ಕೂತರು. ಅವರ ಮುಖ ನೋಡಿಯೇ ಹೆಣ್ಣು ಕೊಟ್ಟಿರಬೇಕು ಎಂದುಕೊಂಡೆ. ವರ್ಷ ಕಳೆದು ಮಹಾಪೆಯಲ್ಲಿ ನನ್ನನ್ನೂ ಪರ್ಮನೆಂಟ್ ಮಾಡಿಸಿದರು. ಮದುವೆ, ಕೆಲಸ, ಎರಡೂ ಅವರ ಕೈಯಿಂದಲೇ ಬಂದವೆಂಬ ಸಂಕಟದಲ್ಲಿ ನಾನು ಅವರೊಡನೆ ಮುಖಕೊಟ್ಟು ಮಾತಾಡುವುದನ್ನೇ ಕಡಿಮೆ ಮಾಡಿದೆ. ಅವರು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಿದ್ದರೋ, ಭಾನುವಾರ ಎಲೆಯಡಿಕೆ ಹಿಡಿದು ನಮ್ಮ ಖೋಲಿಗೇ ಬಂದು ಕೂರುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಿದೆ ಎಂದು ಶೆಡ್ಡಿನಲ್ಲೇ ಕೂತ ಭಾವ ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಮನೆಗೆ ಬಂದ ಮೇಲೆ ಹೆಂಡತಿ ನನ್ನ ಪಕ್ಕ ಬಂದು ಕೂತಳು.

"ಈಗಾದರೂ ಆ ಸಿಟ್ಟು ಬಿಟ್ಟುಬಿಡಿ" ಎಂದಳು.

ಯಾವ ಸಿಟ್ಟು ಎಂದೆ.

"ನನಗೆ ಗೊತ್ತಿಲ್ಲವಾ? ಅವತ್ತು ನಿಮ್ಮ ಬಾಗಿಲೇ ಚೆನ್ನಾಗಿ ಬಂದದ್ದಂತೆ. ವಯಸ್ಸು ನೋಡಿ ಸೇಟ್ ಕೆಲಸ ಅವರಿಗೆ ಕೊಟ್ಟದ್ದಂತೆ. ನನಗಿಂತ ಒಳ್ಳೆ ಕೈ, ಧೈರ್ಯವಾಗಿ ಮಗಳನ್ನು ಕೊಡಿ ಅಂತ ಅಪ್ಪನ ಹತ್ತಿರ ನಿಮ್ಮ ಭಾವನೇ ಹೇಳಿದ್ದು. ಪಾಪ, ಅಷ್ಟು ಒಪ್ಪಿಕೊಂಡಿದ್ದರಲ್ಲ ಅವರು."

ಇಷ್ಟು ವರ್ಷ ಅವಳು ಬದುಕಿದ್ದು ಆ ಒಳ್ಳೆಯ ಬಾಗಿಲು ಹೊಡೆದವನ ಜೊತೆ. ನನ್ನ ಹೊಟ್ಟೆಕಿಚ್ಚನ್ನು ಅನ್ಯಾಯವಾದವನ ನೋವು ಎಂದು ತಿಳಿದು ಸೈರಿಸಿಕೊಂಡಿದ್ದಳು.

ಬಿಟ್ಟೆ ಎಂದೆ. ಅದೂ ಸುಳ್ಳೇ. ಆದರೆ ಭಾವನ ಸುಳ್ಳಿನಷ್ಟು ನಯವಾಗಿ ಬರಲಿಲ್ಲ.