ಪಟ್ಟಿಯಲ್ಲಿಲ್ಲದ ಹ್ವಾಯ್

ನನ್ನ ಗಂಡ ನನ್ನ ಹೆಸರು ಹಿಡಿದು ಕರೆದದ್ದು ಮದುವೆಯ ದಿನ ಒಮ್ಮೆ ಮಾತ್ರ. ಅದೂ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹಟ ಹಿಡಿದದ್ದಕ್ಕೆ. ಮರುದಿನದಿಂದ ನಾನು 'ಹ್ವಾಯ್' ಆದೆ. ಕುಂದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಹ್ವಾಯ್ ಎಂದರೆ ಬೈಗುಳವಲ್ಲ, 'ಇಲ್ಲಿ ಕೇಳಿ' ಎಂದು ಕರೆಯುವ ಮಾತು. ಬಸ್ಸು ನಿಲ್ಲಿಸಲೂ ಹ್ವಾಯ್, ಅಂಗಡಿಯವರು ಇತ್ತ ತಿರುಗಲೂ ಹ್ವಾಯ್, ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಕರೆಯಲು ಹ್ವಾಯ್. ನಮ್ಮ ಮನೆಯಲ್ಲಿ ಇಬ್ಬರಿಗೂ ಅದೇ ಹೆಸರು. ಆದರೂ ಒಂದು ದಿನವೂ ಗೊಂದಲವಾದದ್ದಿಲ್ಲ.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಹೆಮ್ಮಾಡಿಯಲ್ಲಿ ಬಸ್ಸು ಹತ್ತಿ ಬ್ರಹ್ಮಾವರದ ಕಡೆಗೆ ಹೋಗಿ ಬರುವುದರಲ್ಲೇ ನನ್ನ ಅರ್ಧ ಆಯುಷ್ಯ ಮುಗಿದಿದೆ. ಧ್ವನಿಯೊಳಗಿನ ಬೇಡದ ಸದ್ದನ್ನು ಸೋಸಿ ತೆಗೆಯುವುದು ಹೇಗೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಿದ್ದೇನೆ. ನನ್ನ ಗಂಡ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುತ್ತಿದ್ದವರು. ಬೋಟಿನಿಂದ ಬುಟ್ಟಿ ಇಳಿಯುತ್ತಲೇ ಇವರ ಬಾಯಿ ತೆರೆಯುತ್ತಿತ್ತು. ನನಗೆ ಡಾಕ್ಟರೇಟ್ ಬಂದ ದಿನ ಅವರು ಅಭಿನಂದನೆ ಹೇಳಿದ್ದು ಹೀಗೆ:

"ಸದ್ದ್ ತೆಗುಕ್ ಡಾಕ್ಟ್ರೇಟ್ ಕೊಡ್ತ್ರಾ? ಹಂಗಾರೆ ಒಂದ್ಸಲ ಬಂದ್ರಿಗೆ ಬಾ, ಅಲ್ ತೆಗ್ದ್ ತೋರ್ಸ್ ಕಾಂಬ."

ನಾನು ಹೋಗಿ ತೋರಿಸಲಿಲ್ಲ. ಅಲ್ಲಿಯ ಸದ್ದಿನ ಮುಖ್ಯ ಭಾಗ ಇವರದೇ ಆಗಿತ್ತು.

ಅಂಥವರಿಗೆ ಗಂಟಲಿನ ಕಾಯಿಲೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಸದ್ದು ಮಾತ್ರ ಉಳಿಯಲಿಲ್ಲ. ಸದ್ದು ತೆಗೆಯುವುದರಲ್ಲಿ ನನಗಿಂತ ದೊಡ್ಡ ಪರಿಣತರು ಇದ್ದಾರೆಂದು ಆಗ ತಿಳಿಯಿತು. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟು ಕಳಿಸಿದರು. ಅದರಲ್ಲಿ ಏನು ಮಾತಾಡಿದರೂ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದ ಹಾಗೆ ಕೇಳುತ್ತಿತ್ತು. ಇವರು ಒಂದೇ ಸಲ ಪ್ರಯೋಗಿಸಿ, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಬರೆದು ತೋರಿಸಿ ಎಂದರೆ ಅದಕ್ಕೂ ಸಿಟ್ಟು. ಏನಾದರೂ ಬೇಕಾದರೆ ಸ್ಟೀಲಿನ ಲೋಟಕ್ಕೆ ಚಮಚದಿಂದ ಕುಟ್ಟುತ್ತಿದ್ದರು. ನನಗೆ ಆ ಲೋಟದ ಸದ್ದು ಕೇಳಿದರಾಗುತ್ತಿರಲಿಲ್ಲ. ಲೋಟ ಯಾರನ್ನು ಬೇಕಾದರೂ ಕರೆಯುತ್ತದೆ. ನನಗೆ ಬೇಕಾಗಿದ್ದದ್ದು ನನ್ನನ್ನು ಕರೆಯುವ ಆ ಒಂದು ಮಾತು. ಇಷ್ಟು ಓದಿದವಳಿಗೆ ಇದೆಂಥ ಆಸೆ ಎಂದು ಯಾರಾದರೂ ನಕ್ಕರೆ ನಗಲಿ.

ನಮ್ಮ ವಿಭಾಗದಲ್ಲಿ ಮೈಸೂರಿನ ಕಡೆಯ ಒಬ್ಬ ಸಹೋದ್ಯೋಗಿ ಇದ್ದಾರೆ. ಹೊಸ ಸಂಶೋಧನೆ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಅವರು ಮರುದಿನವೇ ಬಾಣಂತಿಯನ್ನು ನೋಡಲು ಹೋದವರ ಸಡಗರದಲ್ಲಿ ನಮಗೆಲ್ಲ ಸುದ್ದಿ ಹೇಳುತ್ತಾರೆ. ಅವರೇ ಒಂದು ದಿನ ಕ್ಯಾಂಟೀನಿನಲ್ಲಿ ಹೇಳಿದರು: ಚರ್ಮಕ್ಕೆ ಅಂಟಿಸುವ, ಚರ್ಮದಷ್ಟೇ ತೆಳುವಾದ ಸೆನ್ಸರ್‌ಗಳು ಬಂದಿವೆ. ಗದ್ದದ ಕೆಳಗೆ, ಕೆನ್ನೆಯ ಮೇಲೆ ಅಂಟಿಸಿಕೊಂಡು ಸದ್ದಿಲ್ಲದೆ ಬಾಯಿ ಆಡಿಸಿದರೆ ಸಾಕು. ಸ್ನಾಯುಗಳ ಚಲನೆಯನ್ನು ಸೆನ್ಸರ್ ಹಿಡಿಯುತ್ತದೆ, ಬೆರಳುಗುರಿನಷ್ಟು ಚಿಪ್ ಅದು ಯಾವ ಮಾತೆಂದು ಊಹಿಸುತ್ತದೆ, ಮೊಬೈಲು ಅದನ್ನು ಗಟ್ಟಿಯಾಗಿ ನುಡಿಯುತ್ತದೆ. "ನಾವೂ ಒಂದು ಮಾಡೋಣ ಮೇಡಂ. ಕನ್ನಡದಲ್ಲಿ ಇದು ಹೊಸದು. ಸರ್ ಅವರನ್ನೇ ಒಪ್ಪಿಸಿ" ಎಂದರು. ನನ್ನ ಗಂಡನನ್ನು ಯಾರೋ 'ಸರ್' ಎಂದದ್ದು ಅದೇ ಮೊದಲು.

ಒಪ್ಪಿಸುವುದು ಕಷ್ಟವಾಗಲಿಲ್ಲ. ಲೋಟ ಕುಟ್ಟಿ ಅವರಿಗೂ ಸಾಕಾಗಿತ್ತು.

ಯಂತ್ರಕ್ಕೆ ಮೊದಲು ಮಾತುಗಳ ಪಟ್ಟಿ ಬೇಕು. ಸಹೋದ್ಯೋಗಿ ಪರದೇಶದ ಯಾವುದೋ ಪ್ರಬಂಧದ ಪಟ್ಟಿಯನ್ನು ಅಚ್ಚುಕಟ್ಟಾಗಿ ಕನ್ನಡಕ್ಕೆ ತಂದರು. ನಮಸ್ಕಾರ. ದಯವಿಟ್ಟು. ಧನ್ಯವಾದಗಳು. ನೀರು ಕೊಡಿ. ಬನ್ನಿ. ಹೋಗಿ. ನಾನು ಚೆನ್ನಾಗಿದ್ದೇನೆ. ಇದರಲ್ಲಿ ನೀರು ಕೊಡಿ ಎಂಬುದೊಂದನ್ನು ಬಿಟ್ಟರೆ ಉಳಿದ ಯಾವ ಮಾತನ್ನೂ ನನ್ನ ಗಂಡ ಧ್ವನಿ ಇದ್ದ ಕಾಲದಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. 'ಧನ್ಯವಾದಗಳು' ಎಂದು ಅವರು ಬಾಯಿ ಆಡಿಸುವುದನ್ನು ನೋಡಿ ನನಗೆ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡಿದೆ. ನುಡಿಯುವ ಧ್ವನಿಯಂತೂ ವಾರ್ತೆ ಓದುವವರದು. ಬೆಂಗಳೂರಿನಲ್ಲಿ ಹವಾ ನಿಯಂತ್ರಿತ ಕೋಣೆಯಲ್ಲಿ ಕುಳಿತು ಓದಿದ ಧ್ವನಿ.

ತಾಂತ್ರಿಕ ತೊಡಕುಗಳೂ ಇದ್ದವು. ಚರ್ಮಕ್ಕೆ ವಾರಗಟ್ಟಲೆ ಅಂಟಿಕೊಳ್ಳುತ್ತದೆಂದು ಪ್ರಬಂಧದಲ್ಲಿ ಬರೆದಿದ್ದ ಸೆನ್ಸರ್ ನಮ್ಮ ಸೆಕೆಗೆ ಬೆಳಗಿನ ಗಂಜಿ ಉಂಡು ಮುಗಿಯುವಷ್ಟರಲ್ಲಿ ಕಿತ್ತು ಬಟ್ಟಲಿಗೆ ಬೀಳುತ್ತಿತ್ತು. ಬರೆದವರು ಪುಣ್ಯವಂತರು, ಮಳೆ ಹಿಡಿಯುವ ಮೊದಲಿನ ನಮ್ಮ ಹೆಮ್ಮಾಡಿಯ ಬೆವರನ್ನು ಕಂಡವರಲ್ಲ. ಕೊನೆಗೆ ಮೆಡಿಕಲ್ ಅಂಗಡಿಯ ಬಿಳಿ ಟೇಪು ಸುತ್ತಿ ನಿಲ್ಲಿಸಿದೆವು. ಅತ್ಯಾಧುನಿಕ ಸಂಶೋಧನೆಯ ಮೇಲೆ ಟೇಪು ಸುತ್ತಿಕೊಂಡು ನನ್ನ ಗಂಡ ಹಲ್ಲುನೋವಿನವರ ಹಾಗೆ ಕಾಣುತ್ತಿದ್ದರು.

ಮನೆಗೆ ತಂದ ಮೊದಲ ದಿನವೇ ಎಡವಟ್ಟಾಯಿತು. ನಾನು ಅಡುಗೆಮನೆಯಲ್ಲಿದ್ದೆ. ಜಗಲಿಯಿಂದ ಗಂಭೀರವಾದ, ಸುಸಂಸ್ಕೃತವಾದ ಧ್ವನಿಯೊಂದು ಕೇಳಿತು.

"ಹೋಗಿ."

ಹೊರಗೆ ಬಂದೆ. ಅವರು ನನ್ನನ್ನೇ ನೋಡುತ್ತಿದ್ದರು. ಮತ್ತೆ ಬಾಯಿ ಆಡಿಸಿದರು.

"ಹೋಗಿ."

ಅವರ ತುಟಿ ನೋಡಿದ ಮೇಲೆ ಅರ್ಥವಾಯಿತು. ಅವರು ಕರೆದದ್ದು ಹ್ವಾಯ್ ಎಂದು. ಯಂತ್ರದ ಪಟ್ಟಿಯಲ್ಲಿ ಹ್ವಾಯ್ ಇಲ್ಲ. ಗೊತ್ತಿಲ್ಲ ಎಂದು ಹೇಳುವುದನ್ನು ನಾವು ಅದಕ್ಕೆ ಕಲಿಸಿರಲಿಲ್ಲ. ನಮ್ಮ ವಿಭಾಗದಲ್ಲಿ ಯಾರಿಗೂ ಆ ಅಭ್ಯಾಸ ಇಲ್ಲ. ಹಾಗಾಗಿ ಅದು ಹತ್ತಿರದ ಮಾತೊಂದನ್ನು ಹಿಡಿದು ಧೈರ್ಯವಾಗಿ ನುಡಿಯುತ್ತಿತ್ತು. ಅವರು ಹತ್ತಿರ ಕರೆದಷ್ಟೂ ಅದು ನನ್ನನ್ನು ದೂರ ಅಟ್ಟುತ್ತಿತ್ತು. ಎದುರು ಮನೆಯ ಹೆಂಗಸು ಬೇಲಿಯ ಆಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದರು.

"ಹ್ವಾಯ್ ಟೀಚರ್ರೆ, ನಿಮ್ಮನಿಯವ್ರ್ ರೇಡಿಯೋದಂಗೆ ಮಾತಾಡ್ತ್ರಲೆ! ಆದ್ರೆ ಯಾರಿಗ್ ಹೋಪುಕ್ ಹೇಳೂದ್? ನಿಮ್ಗಾ?"

ನಾನು ನಕ್ಕೆ. ನನ್ನ ಗಂಡ ನಗಲಿಲ್ಲ.

ಇದನ್ನು ಸರಿ ಮಾಡುವ ಮೊದಲೇ ಪರಿಶೀಲನಾ ಸಮಿತಿ ಬಂತು. ಯೋಜನೆಯನ್ನು ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸುವವರು. ಸಹೋದ್ಯೋಗಿ ನನ್ನ ಗಂಡನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, "ಸರ್, ನಮಸ್ಕಾರ, ನಾನು ಚೆನ್ನಾಗಿದ್ದೇನೆ, ಇಷ್ಟೇ ಸಾಕು" ಎಂದು ಮೂರು ಸಲ ಹೇಳಿಕೊಟ್ಟಿದ್ದರು. ಸಮಿತಿಯ ಹಿರಿಯರು ಒಳಗೆ ಬಂದು ಕೈ ಮುಂದೆ ಚಾಚಿದರು. ಬಂದರಿನಲ್ಲಿ ಇಡೀ ಜನ್ಮ ಕಳೆದವರಿಗೆ ದೊಡ್ಡವರೊಬ್ಬರು ನಗುತ್ತ ಎದುರು ಬಂದರೆ ಬಾಯಿಂದ ಬರುವುದು ಒಂದೇ ಮಾತು. ನನ್ನ ಗಂಡ ಎದ್ದು ನಿಂತು, ಕೈ ಹಿಡಿದು, ಮನಸಾರೆ ಹ್ವಾಯ್ ಎಂದರು.

"ಹೋಗಿ" ಎಂದಿತು ಮೊಬೈಲು.

ನಾನು ಮುಂದೆ ಬಂದು, ಇದು ಕುಂದಾಪ್ರ ಕನ್ನಡದ ಮಾತು, ಗೌರವದಿಂದಲೇ ಕರೆದದ್ದು, ಯಂತ್ರಕ್ಕೆ ತಿಳಿಯಲಿಲ್ಲ ಎಂದು ವಿವರಿಸಿದೆ. ಹಿರಿಯರು ತಲೆಯಾಡಿಸಿದರು. ವಾರದ ನಂತರ ಅವರ ಅಭಿಪ್ರಾಯ ಬಂತು: ಯಂತ್ರದ ಕೆಲಸ ತೃಪ್ತಿಕರವಾಗಿದೆ, ರೋಗಿಗೆ ಇನ್ನಷ್ಟು ತರಬೇತಿ ಅಗತ್ಯ.

ತರಬೇತಿ ಬೇಕಾದ ರೋಗಿ ಸಮಿತಿ ಬಂದ ದಿನವೇ ಮನೆಗೆ ಬಂದು ಟೇಪು ಬಿಚ್ಚಿ, ಯಂತ್ರವನ್ನು ಆ ಇನ್ನೊಂದು ಯಂತ್ರದ ಪಕ್ಕದಲ್ಲೇ ಕಪಾಟಿನಲ್ಲಿಟ್ಟರು. ಸಂಜೆ ಮತ್ತೆ ಲೋಟ ಕೇಳಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಂದರನ್ನು ಅವರು ಹೇಗೋ ಬಿಟ್ಟುಕೊಟ್ಟಿದ್ದರು, ಅಲ್ಲಿ ಈಗ ಬೇರೆಯವರು ಕೂಗುತ್ತಾರೆ. ಇದನ್ನೂ ಬಿಟ್ಟುಕೊಟ್ಟರೆ ಮನೆಯಲ್ಲಿ ಇನ್ನು ಮುಂದೆ ಲೋಟವೊಂದೇ ಮಾತಾಡುವುದು.

ಮರುದಿನ ಸಹೋದ್ಯೋಗಿಯ ಮೇಜಿನ ಮುಂದೆ ಹೋಗಿ ನಿಂತೆ. ಉಳಿದದ್ದೆಲ್ಲ ಆಮೇಲೆ, ಮೊದಲು ಹ್ವಾಯ್ ಸೇರಿಸಿ ಎಂದೆ.

"ಸೇರಿಸಬಹುದು ಮೇಡಂ. ಆದರೆ ಅದರ ಅರ್ಥ ಏನು ಅಂತ ಬರೀಲಿ? ನಿಘಂಟಲ್ಲಿ ಇಲ್ಲ."

"ಅರ್ಥ ಇಲ್ಲ. ಕರೆಯೋದು, ಅಷ್ಟೆ."

ಅವರು ನಂಬಲಿಲ್ಲ, ಅರ್ಥವಿಲ್ಲದ ಮಾತನ್ನು ಯಂತ್ರಕ್ಕೆ ಕೊಡುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಹಾಗಾಗಿ ಅರ್ಥವನ್ನು ತಾವೇ ಹುಡುಕಲು ನಮ್ಮ ಮನೆಗೇ ಬಂದು, ಕಪಾಟಿನಿಂದ ಯಂತ್ರ ತೆಗೆಸಿದರು. ನನ್ನ ಗಂಡನನ್ನು ಕೂರಿಸಿ, ಟೇಪು ಸುತ್ತಿ, ಮೇಲಿಂದ ಮೇಲೆ ಹ್ವಾಯ್ ಎಂದು ಬಾಯಿ ಆಡಿಸಲು ಹೇಳಿದರು. ಎದುರಿಗೆ ನನ್ನನ್ನು ಕೂರಿಸಿದರು. ಸದ್ದಿಲ್ಲ, ಬರೀ ತುಟಿ. ನಾನು ನೋಡುತ್ತ ಹೇಳುತ್ತ ಹೋದೆ. ಇದು ಕಾಫಿಗೆ ಕರೆದದ್ದು. ಇದು ಟವೆಲು ಕಾಣುವುದಿಲ್ಲವೆಂದು. ಇದು ಜಗಲಿಗೆ ಯಾರೋ ಬಂದಿದ್ದಾರೆಂದು. ಇದು ಈ ಮೇಷ್ಟ್ರು ಎದ್ದು ಹೋಗುವುದು ಯಾವಾಗ ಎಂದು. ಕೊನೆಯದಕ್ಕೆ ನನ್ನ ಗಂಡ ಗಾಬರಿಯಾಗಿ ಕೈ ಬೀಸಿದರು. ಸಹೋದ್ಯೋಗಿ ಎಲ್ಲವನ್ನೂ ಶ್ರದ್ಧೆಯಿಂದ ಗುರುತು ಮಾಡಿಕೊಂಡು, ಸೆನ್ಸರ್ ಹಿಡಿದ ಅಲೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರು.

"ಮೇಡಂ, ಎಲ್ಲಾ ಒಂದೇ ಥರ ಇವೆ. ನಿಮಗೆ ಹೇಗೆ ಗೊತ್ತಾಗುತ್ತೆ?"

ನಾನು ಕಾಫಿ ಮಾಡಲು ಎದ್ದೆ. ಇದನ್ನು ಹೇಳಿದರೆ ಅವರು ಅದರ ಮೇಲೂ ಒಂದು ಪ್ರಬಂಧ ಬರೆಯುತ್ತಿದ್ದರು.

ಯಂತ್ರ ಹ್ವಾಯ್ ಕಲಿಯಿತು. ಆದರೆ ನುಡಿಯುವುದು ಅದೇ ವಾರ್ತೆಯ ಧ್ವನಿಯಲ್ಲಿ. ಪ್ರಧಾನ ಸುದ್ದಿಯ ಮೊದಲು 'ಹ್ವಾಯ್' ಎಂದ ಹಾಗೆ. ನನ್ನ ಗಂಡ ಒಮ್ಮೆ ಕೇಳಿ ಮುಖ ತಿರುಗಿಸಿದರು. ಹಳೆಯ ಧ್ವನಿ ಎಲ್ಲಾದರೂ ಉಳಿದಿದ್ದರೆ ಅದನ್ನೇ ಯಂತ್ರಕ್ಕೆ ಹಾಕಬಹುದು ಎಂದರು ಸಹೋದ್ಯೋಗಿ. ಹುಡುಕಿದೆ. ಏಲಂ ಕೂಗಿದ ವಿಡಿಯೊಗಳು ಬೇಕಾದಷ್ಟು ಸಿಕ್ಕವು, ಪ್ರವಾಸಿಗರಿಗೆ ಮೀನಿಗಿಂತ ಕೂಗುವವರೇ ಇಷ್ಟ. ಬಂಗುಡೆ, ಬೂತಾಯಿ, ಅಂಜಲ್ ಮೀನುಗಳೆಲ್ಲ ಇವರ ಬಾಯಲ್ಲಿದ್ದವು, ನಾನು ಮಾತ್ರ ಇರಲಿಲ್ಲ. ಮನೆಯೊಳಗೆ ಹೆಂಡತಿಯನ್ನು ಕರೆಯುವುದನ್ನು ಯಾರು ತಾನೇ ಚಿತ್ರೀಕರಿಸುತ್ತಾರೆ?

ಕೊನೆಗೆ ಬೈಂದೂರಿನ ನನ್ನ ತಂಗಿ ತನ್ನ ಹಳೆಯ ಮೊಬೈಲಿನಿಂದ ಒಂದು ತುಣುಕು ಕಳಿಸಿದಳು. ಒಮ್ಮೆ ಅವಳಿಗೆ ಬಂದರು ತೋರಿಸಲು ಕರೆದುಕೊಂಡು ಹೋಗಿದ್ದೆ. ಚಿತ್ರದಲ್ಲಿ ನಾನು ಕಾಲೇಜಿಗೆ ಹೋಗುವ ಸೀರೆಯಲ್ಲಿ, ನುಣ್ಣನೆಯ ಚಪ್ಪಲಿ ಹಾಕಿಕೊಂಡು, ಮೀನಿನ ನೀರು ಹರಿಯುವ ನೆಲದ ನಡುವೆ ನಿಂತಿದ್ದೇನೆ. ಇವರು ಏಲಂ ಅರ್ಧಕ್ಕೆ ಬಿಟ್ಟು ಇತ್ತ ತಿರುಗಿ ಗದರುತ್ತಾರೆ:

"ಹ್ವಾಯ್! ಅಲ್ ಎಂತಕ್ ನಿಂತದ್ದ್? ಜಾರತ್ತ್, ಬದಿಗ್ ಬಾ!"

ಅಷ್ಟೇ. ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ಹ್ವಾಯ್, ಅದೂ ಸಿಟ್ಟಿನದು. ಅದರ ಹಿಂದೆ ಐಸು ಪುಡಿ ಮಾಡುವ ಯಂತ್ರದ ಗರಗರ, ಕಾಗೆಗಳು, ಯಾರದೋ ನಗು. ನಾನು ಬಾಗಿಲು ಹಾಕಿಕೊಂಡು ಕುಳಿತು ಸೋಸತೊಡಗಿದೆ. ಇಷ್ಟು ವರ್ಷಗಳಲ್ಲಿ ನನ್ನ ಡಾಕ್ಟರೇಟ್ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಬಂದರಿಗೆ ಬಂದು ತೆಗೆದು ತೋರಿಸು ಎಂದು ಅವರು ಸವಾಲು ಹಾಕಿದ್ದು ನೆನಪಾಯಿತು. ಕಾಗೆ ಹೋಯಿತು, ನಗು ಹೋಯಿತು, ಐಸಿನ ಗರಗರ ಪೂರ್ತಿ ಹೋಗಲಿಲ್ಲ. ಅದು ಆ ಮಾತಿಗೇ ಅಂಟಿಕೊಂಡಿತ್ತು, ಎಳೆದರೆ ಮಾತೂ ಕಿತ್ತು ಬರುತ್ತಿತ್ತು.

"ಬಿಡಿ ಮೇಡಂ, ಅದನ್ನ ಸಾಫ್ಟ್‌ವೇರಲ್ಲಿ ಕ್ಲೀನ್ ಮಾಡಿ ಕೊಡ್ತೀನಿ. ಸ್ವಲ್ಪ ಸಿಟ್ಟೂ ಕಡಿಮೆ ಮಾಡಬಹುದು, ಸೌಮ್ಯವಾಗಿ ಬರುತ್ತೆ" ಎಂದರು ಸಹೋದ್ಯೋಗಿ.

ಮುಟ್ಟಬೇಡಿ ಎಂದೆ. ಅದು ಸಿಟ್ಟಲ್ಲ. ನಾನು ಎಲ್ಲಿ ಜಾರಿ ಬೀಳುತ್ತೇನೋ ಎಂಬ ಹೆದರಿಕೆ. ಅದನ್ನು ಸೌಮ್ಯ ಮಾಡಿದರೆ ಉಳಿಯುವುದೇನು?

ಆ ಹ್ವಾಯ್ ಅನ್ನು ಇದ್ದ ಹಾಗೇ ಯಂತ್ರಕ್ಕೆ ಹಾಕಿಸಿದೆ. ಭಾನುವಾರ ಬೆಳಿಗ್ಗೆ ನಾನೇ ಗಂಡನಿಗೆ ಟೇಪು ಸುತ್ತಿ, ಏನನ್ನೂ ಹೇಳದೆ ಒಳಗೆ ಹೋಗಿ ಮೀನು ಕೊಯ್ಯುತ್ತ ಕುಳಿತೆ. ಬಹಳ ಹೊತ್ತು ಜಗಲಿಯಲ್ಲಿ ಏನೂ ಕೇಳಲಿಲ್ಲ. ಲೋಟವೂ ಇಲ್ಲ. ಈ ಸಲವೂ ಕಪಾಟಿಗೆ ಹೋಯಿತು ಎಂದುಕೊಂಡೆ. ಆಗ ಕೇಳಿತು, ಐಸಿನ ಗರಗರದ ಜೊತೆಗೇ, ಮನೆ ನಡುಗುವಂತೆ.

"ಹ್ವಾಯ್!"

ಯೋಚಿಸುವ ಮೊದಲೇ ನನ್ನ ಬಾಯಿ ಹಳೆಯ ಅಭ್ಯಾಸದಲ್ಲಿ ತಿರುಗಿ ಕೂಗಿತ್ತು: "ಬಂದೆ ಮಾರಾಯ್ರೆ! ಎಂತ ಊರಿಗೆಲ್ಲ ಕೇಂಬಂಗೆ ಕೂಗೂದ್?"

ಕೂಗಿದ ಮೇಲೆ ನಾನು ಏನು ಹೇಳಿದೆನೆಂದು ನನಗೇ ತಿಳಿದು ಕೈ ನಿಂತಿತು. ಎದ್ದು ಹೊರಗೆ ಹೋದೆ. ಅವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು.

"ಎಂತ ಬೇಕ್?" ಎಂದೆ.

ಏನೂ ಬೇಡವೆಂದು ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. ಮೀನಿನ ಕೈಯಲ್ಲೇ ನಾನು ಅವರ ಪಕ್ಕದಲ್ಲಿ ಕುಳಿತೆ. ಅವರು ಇನ್ನೊಮ್ಮೆ ತುಟಿ ಆಡಿಸಿದರು, ಬಂದರು ಇನ್ನೊಮ್ಮೆ ಗದರಿತು. ಆಮೇಲೆ ಮತ್ತೊಮ್ಮೆ. ನಾನು ಅಲ್ಲೇ ಇದ್ದೆ, ಆದರೂ ಅವರು ಕರೆಯುತ್ತಲೇ ಇದ್ದರು.