ಹರಕೆ ಮೊಳೆಯ ಹೆಬ್ಬಲಸು

೧೯೬೩ರ ಜೂನ್, ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಹುಬ್ಬಳ್ಳಿ ಸ್ಟೇಷನ್ನಿನ ಹಿಂದಿನ ಒಂದು ನಾಟಾ ಅಡ್ಡೆಯಲ್ಲಿ, ಗರಗಸದಿಂದ ನಾಲ್ಕು ಮಾರು ಎಡಕ್ಕೆ, ನಾನು ಪುಸ್ತಕ ಹಿಡಿದು ನಿಂತಿದ್ದೆ. ಅಲ್ಲಿ ನಾನು ಕಾರಕೂನ. ದಾಂಡೇಲಿ ಆಚೆಯ, ಬಿಸಿಲು ನೆಲ ಮುಟ್ಟದ ಕಾಡಿನಿಂದ ಬರುವ ದಿಮ್ಮಿಗಳನ್ನು ಅಳೆದು, ದೋಷವಿದ್ದರೆ ಬರೆಯುವುದು ನನ್ನ ಕೆಲಸ.

ಹೆಬ್ಬಲಸಿನ ದಿಮ್ಮಿಯೊಂದನ್ನು ಕೊಯ್ಯತೊಡಗಿದ್ದೇ ತಡ, ಗರಗಸದ ಹಲ್ಲೊಂದು ಸಿಡಿದು ತಗಡಿನ ಗೋಡೆಗೆ ಬಡಿಯಿತು. ಮಿಸ್ತ್ರಿ ಯಂತ್ರ ನಿಲ್ಲಿಸಿದ. ಮರದೊಳಗೆ ಕಬ್ಬಿಣದ ಮೊಳೆ. ‘ಮೊಳೆ ಇದೆ’ ಎಂದು ಬರೆದುಕೊಂಡೆ.

“ಅದು ನಮ್ದರೀ,” ಎಂದ, ಮುಂಜಾನೆಯಿಂದ ಬಾಗಿಲಲ್ಲಿ ಕೂತಿದ್ದ ಮುದುಕ.

ಆ ಮರ ಅವನ ಊರಿನ ದೇವರು. ಹರಕೆ ಹೊತ್ತವರು ಅದಕ್ಕೊಂದು ಮೊಳೆ ಬಡಿಯುವುದು ಅಲ್ಲಿನ ಪದ್ಧತಿ. ಸುತ್ತಲಿನ ಕಾಡು ಕಡಿದ ಎರಡನೆಯ ಬೇಸಿಗೆಗೆ ಮರದ ಬುಡದ ಝರಿ ಬತ್ತಿತು. ಈ ವರ್ಷ ಮರವೂ ಹೋಯಿತು. ನೀರಿಲ್ಲದ ಊರು ಬಿಟ್ಟು ಊರವರು ಹಳಿಯಾಳದ ರಸ್ತೆಯಲ್ಲಿ ಜಲ್ಲಿ ಒಡೆಯುತ್ತಿದ್ದರು. ದೇವರು ಮರಳಿದರೆ ನೀರೂ ಮರಳುತ್ತದೆಂದು ಅವನನ್ನು ಕಳಿಸಿದ್ದರು.

“ಪುಕ್ಕಟೆ ಒಯ್ರಿ ಅಜ್ಜಾರ,” ಎಂದರು ಅಡ್ಡೆಯ ಒಡೆಯರಾದ ಸಾವಕಾರರು. “ನಿಮ್ಮ ದೇವರು ನಮ್ಮ ಗರಗಸ ತಿನ್ನಾಕತ್ತಾನ.”

ತಡೆದವನು ನಾನು. ಅರಣ್ಯ ಇಲಾಖೆಯ ಪಾಸಿಲ್ಲದೆ ದಿಮ್ಮಿ ನಾಕಾ ದಾಟುವುದಿಲ್ಲ. ಪಾಸಿನಲ್ಲಿ ಅಚ್ಚಾಗಿದ್ದದ್ದು ‘ಕಾಡಿನಿಂದ’ ಎಂದು. ಕಾಡಿಗೆ ಮರ ಒಯ್ಯುವ ಪಾಸನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ.

“ಕಳವಿನ ಮಾಲು ಅಂತ ಹಿಡೀತಾರ್ರಿ,” ಎಂದೆ.

“ಕಡದು ತಂದಾಗ ಹಿಡೀಲಿಲ್ಲಲ್ಲಪಾ?”

“ಆಗ ಪಾಸ್ ಇತ್ತರಿ.”

ಮುದುಕ ಎದ್ದು ದಿಮ್ಮಿಯ ಹತ್ತಿರ ಬಂದ. “ಹಂಗಾರ ಮೊಳಿನರ ಕೊಡ್ರಿ. ಮತ್ತೊಂದು ಮರಕ್ಕ ಬಡೀತೀವಿ.”

“ಮರ ಉಳದಾವೇನು?” ಎಂದ ಮಿಸ್ತ್ರಿ.

“ಹುಡುಕಬೇಕು.”

ಮಿಸ್ತ್ರಿಗೆ ಕನಿಕರ ಬಂತು. ಉಳಿ, ಇಕ್ಕಳ ಹಿಡಿದು ಕೂತ. ಮುದುಕ ಬೆರಳಿಟ್ಟು ತೋರಿಸಿದ: ಇದು ತಂಗಿಗೆ ಜ್ವರ ಬಂದಾಗಿನದು, ಇದು ಎಮ್ಮೆ ಕಳೆದಾಗಿನದು. ಒಂದು ತಾಸಿನಲ್ಲಿ ಒಂದೂ ಉಳಿಯದಂತೆ ಕಿತ್ತರು.

ಸಾವಕಾರರು ದಿಮ್ಮಿಯ ಮೇಲೆ ಕೈಯಾಡಿಸಿದರು. “ಕಾರಕೂನರ, ಈಗೇನು ದೋಷ ಐತ್ರಿ?”

ಇರಲಿಲ್ಲ. ಮೊದಲು ಬರೆದದ್ದನ್ನು ಹೊಡೆದು ‘ನಿರ್ದೋಷ’ ಎಂದು ಬರೆದೆ. ಹೊಸ ಹಲ್ಲು ಕೂಡಿಸಿದ ಗರಗಸ ಈ ಸಲ ಎಲ್ಲಿಯೂ ತಡೆಯದೆ ಹೋಯಿತು.

ಮುದುಕ ಮೊಳೆಗಳನ್ನು ಪಂಜೆಯ ತುದಿಗೆ ಗಂಟು ಕಟ್ಟಿಕೊಂಡು ನೋಡುತ್ತಿದ್ದ. ಗರಗಸದಿಂದ ಉದುರಿದ ಹಸಿ ಹೊಟ್ಟನ್ನು ಹಿಡಿ ತುಂಬ ಎತ್ತಿ ಹಿಂಡಿದ. “ಇದರಾಗ ಇನ್ನೂ ನೀರೈತ್ರಿ.”

“ಒಣಗಿಸೇ ಮಾರತೀವ್ರಿ ಅಜ್ಜಾರ, ಚಿಂತಿ ಮಾಡಬ್ಯಾಡ್ರಿ,” ಎಂದರು ಸಾವಕಾರರು, ನಿಜವಾಗಿಯೂ ಸಮಾಧಾನ ಹೇಳುವ ದನಿಯಲ್ಲಿ.

ಮುದುಕ ಮತ್ತೆ ಬರಲಿಲ್ಲ. ಸಾವಕಾರರು ತೀರಿಕೊಂಡು ಬಹಳ ವರ್ಷವಾಯಿತು. ಮಿಸ್ತ್ರಿ ಕೇಶ್ವಾಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಕೇಳುವುದಿಲ್ಲ, ಕಣ್ಣು ಚೆನ್ನಾಗಿದೆ. ಅಂದು ನಾನು ‘ನಿರ್ದೋಷ’ ಎಂದು ಬರೆಯುವಾಗ ಅವನು ನನ್ನ ಕೈಯನ್ನೇ ನೋಡುತ್ತಿದ್ದ.